ಹಗ್ಗ ಕಟ್ಟಿದವರು ಯಾರು?

ದಾವಣಗೆರೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗಳು ಅಮೆರಿಕದಲ್ಲಿ ವೈದ್ಯೆ. 2021ರಲ್ಲಿ ಅಟ್ಲಾಂಟಾದ ಗುಂಡಿನ ದಾಳಿಯಾದ ಮೇಲೆ ಸಹೋದ್ಯೋಗಿಗಳ ಜೊತೆ ಫಲಕ ಹಿಡಿದು ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದಳು. ಫೋನಿನಲ್ಲಿ ಬೈದೆ. ಸತ್ತವರು ಚೀನಾ, ಕೊರಿಯಾ ಕಡೆಯವರು, ನಮಗೇಕೆ? ವೈದ್ಯರಿಗೆ ಈ ರಾಜಕೀಯ ಬೇಕೇ?"

ಸ್ವಾಮಿ, ಪರದೇಶದಲ್ಲಿರುವ ಮಗಳು ತನ್ನ ಪಾಡಿಗೆ ತಾನಿರಲಿ ಎಂದು ಯಾವ ತಂದೆಗೆ ಅನ್ನಿಸುವುದಿಲ್ಲ? ಆದರೆ ಈ ವ್ಯಾಜ್ಯದಲ್ಲಿ ವೈದ್ಯರು ಮೊದಲಿನಿಂದಲೂ ಕಕ್ಷಿದಾರರೇ.

1900ರ ಮಾರ್ಚ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಚೀನೀಯರ ಕೇರಿಯಾದ ಚೈನಾಟೌನ್‌ನ ಹೋಟೆಲೊಂದರ ನೆಲಮಾಳಿಗೆಯಲ್ಲಿ ಚೀನೀಯನೊಬ್ಬನ ಹೆಣ ಸಿಕ್ಕಿತು. ಪ್ಲೇಗ್ ಎಂಬ ಶಂಕೆ ಹುಟ್ಟಿದ್ದೇ ತಡ, ಆರೋಗ್ಯಾಧಿಕಾರಿಗಳು ಬೆಳಗಾಗುವಷ್ಟರಲ್ಲಿ ಇಡೀ ಕೇರಿಗೆ ಹಗ್ಗ ಬಿಗಿಸಿದರು. ಕೆಲವೇ ದಿನಗಳಲ್ಲಿ ಬಿಚ್ಚಿ, ಮೇ ಕೊನೆಗೆ ಮತ್ತೆ ದಿಗ್ಬಂಧನ ಹಾಕಿದರು. ಆ ಗೆರೆ ಓಡಿದ ಬಗೆ ನೋಡಬೇಕು: ಬಿಳಿಯರ ಕಟ್ಟಡ ಎದುರಾದಲ್ಲೆಲ್ಲ ಸೊಟ್ಟಗೆ ತಿರುಗಿ ಅದನ್ನು ಹೊರಗುಳಿಸುತ್ತಿತ್ತು. ಊರು ಬಿಡಬೇಕಾದರೆ ಹಾಫ್‌ಕಿನ್ ಎಂಬ ವಿಜ್ಞಾನಿಯ ಪ್ಲೇಗ್ ಲಸಿಕೆ ಹಾಕಿಸಿಕೊಳ್ಳಬೇಕೆಂಬ ಆಜ್ಞೆ ಏಷ್ಯಾದವರಿಗೆ ಮಾತ್ರ. (1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಚುಚ್ಚಿದ್ದೂ ಇದೇ ಲಸಿಕೆಯನ್ನು, ಅದು ಸಿದ್ಧವಾದದ್ದು ಮುಂಬಯಿಯಲ್ಲಿ.) ಜೂ ಹೋ ಎಂಬ ದಿನಸಿ ವ್ಯಾಪಾರಿ ಕೋರ್ಟಿಗೆ ಹೋದ. ಜೂನ್‌ನಲ್ಲಿ ನ್ಯಾಯಾಧೀಶ ಮೊರೊ ದಿಗ್ಬಂಧನವನ್ನು ತೆಗೆದುಹಾಕಿಸಿದರು.

ಇಷ್ಟಾದರೂ ಪ್ಲೇಗ್ ಸುಳ್ಳಾಗಿರಲಿಲ್ಲ. 1904ರ ಹೊತ್ತಿಗೆ 119 ಜನ ಸತ್ತರು. ಸೂಕ್ಷ್ಮದರ್ಶಕದಲ್ಲಿ ಸರಿಯಾಗಿ ಕಂಡದ್ದನ್ನು ವೈದ್ಯರು ಆಮೇಲೆ ಮೂಗು, ಕಣ್ಣುಗಳ ಆಕಾರದಲ್ಲಿ ಹುಡುಕತೊಡಗಿದ್ದರು. ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು. 1907ರಲ್ಲಿ ರೋಗ ಮರಳಿದಾಗ ಹೆಚ್ಚಾಗಿ ಬಲಿಯಾದವರು ಬಿಳಿಯರೇ. ಇಲಿ ವಿಳಾಸ ವಿಚಾರಿಸಿಕೊಂಡು ಬರುವುದಿಲ್ಲವಲ್ಲ.

ರೋಗಕ್ಕೆ ಊರು, ದೇಶದ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು. 2020ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರೇ "ಚೀನೀ ವೈರಸ್" ಎಂದರು. ಅದೇ ವರ್ಷ ಅಲ್ಲಿನ ನರ್ಸ್‌ಗಳ ಸಂಘವೊಂದು ಲೆಕ್ಕ ಹಾಕಿತು: ನರ್ಸ್‌ಗಳಲ್ಲಿ ಫಿಲಿಪಿನೋಗಳು, ಅಂದರೆ ಏಷ್ಯಾದ ಫಿಲಿಪ್ಪೀನ್ಸ್ ಮೂಲದವರು, ಶೇ 4ರಷ್ಟು; ಕೋವಿಡ್‌ಗೆ ಸತ್ತ ನರ್ಸ್‌ಗಳಲ್ಲಿ ಮೂರನೇ ಒಂದರಷ್ಟು. ಮರುವರ್ಷ ಅಟ್ಲಾಂಟಾದಲ್ಲಿ ಸತ್ತ ಎಂಟು ಜನರಲ್ಲಿ ಆರು ಮಂದಿ ಏಷ್ಯಾ ಮೂಲದ ಹೆಂಗಸರು.

ಇನ್ನು "ನಮಗೇಕೆ" ಎಂಬ ಮಾತು. 2020ರ ಮೇನಲ್ಲಿ ಮಣಿಪುರದ ನೂರಕ್ಕೂ ಹೆಚ್ಚು ನರ್ಸ್‌ಗಳು ಕೋಲ್ಕತ್ತದ ಆಸ್ಪತ್ರೆಗಳನ್ನು ಬಿಟ್ಟು ಊರಿಗೆ ಹೊರಟರು. ಬೀದಿಯಲ್ಲಿ ಜನ ತಮ್ಮ ಮೇಲೆ ಉಗಿಯುತ್ತಾರೆ ಎಂಬುದು ಅವರ ದೂರುಗಳಲ್ಲೊಂದು. ಆ ಮಾರ್ಚ್‌ನಲ್ಲಿ ಬೆಂಗಳೂರಿನ ಬಸ್ಸೊಂದರಲ್ಲಿ ಈಶಾನ್ಯದ ಇಬ್ಬರು ಹುಡುಗಿಯರನ್ನು ನೋಡಿ ಯಾರೋ "ಕೊರೊನಾ" ಎಂದು ಕೂಗಿದ. ಒಂದಷ್ಟು ಜನ ನಕ್ಕರು. ಹುಡುಗಿಯರು ಮುಂದಿನ ನಿಲ್ದಾಣದಲ್ಲಿ ಇಳಿದುಹೋದರು. ಎರಡು ಸೀಟು ಹಿಂದೆ ಕುಳಿತಿದ್ದ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ನಿಮ್ಮ ಮಗಳು ಹಿಡಿದ ಫಲಕದ ಮೇಲೆ ಏನು ಬರೆದಿತ್ತೆಂದು ನೀವು ತಿಳಿಸಿಲ್ಲ. ಮುಂದಿನ ಸಲ ಫೋನು ಮಾಡಿದಾಗ ಕೇಳಿ ಬರೆಯುವಿರಾ?