ವೈರಸ್ಸಿನ ಮೂಲವೂ ಅಂಚೆ ಮತವೂ

ಪ್ರಿಯ ಓದುಗರೇ,

ಕೊರೊನಾ ವೈರಸ್ ಚೀನಾದ ವುಹಾನ್‌ನ ಪ್ರಯೋಗಾಲಯದಿಂದ ಬಂತು, 2020ರ ಅಮೆರಿಕದ ಚುನಾವಣೆಗೆ ಅಂಚೆ ಮತದಾನ ತರಲೆಂದೇ ಅದನ್ನು ಹೊರಬಿಟ್ಟರು ಎಂದು ಬರೆದಿದ್ದೀರಿ. ಮೊದಲನೆಯದನ್ನು ಒಪ್ಪಿದರೆ ಎರಡನೆಯದನ್ನೂ ಒಪ್ಪಲೇಬೇಕು ಎನ್ನುತ್ತೀರಿ. ನನ್ನ ತಕರಾರು ಆ ‘ಲೇಬೇಕು’ ಬಗ್ಗೆ.

ಮೊದಲ ಮಾತಿನಲ್ಲಿ ನಿಮಗೆ ನ್ಯಾಯ ಸಲ್ಲಬೇಕು. 2020ರಲ್ಲಿ ಪ್ರಯೋಗಾಲಯದ ಅನುಮಾನ ಎತ್ತಿದವರ ಬಾಯಿ ಮುಚ್ಚಿಸಿದವರು ಬಹಳ. ನಾವೂ ಅಂಥ ಪತ್ರಗಳನ್ನು ಬದಿಗಿಟ್ಟೆವು, ಅದು ತಪ್ಪು. ಮೊದಲ ರೋಗಿಗಳಲ್ಲಿ ಅನೇಕರು ವುಹಾನ್‌ನ ಹುವಾನಾನ್ ಮಾರುಕಟ್ಟೆಯ ಆಸುಪಾಸಿನವರು, ಅಲ್ಲಿ ಜೀವಂತ ಕಾಡುಪ್ರಾಣಿ ಮಾರುತ್ತಿದ್ದರು. ಇದು ಪ್ರಾಣಿಮೂಲದ ವಾದಕ್ಕೆ ಬಲ. ಬಾವಲಿ ವೈರಸ್‌ಗಳ ಮೇಲೆ ಕೆಲಸ ಮಾಡುವ ಸಂಸ್ಥೆ ಅದೇ ಊರಿನಲ್ಲಿದೆ ಎಂಬುದು ಇನ್ನೊಂದು ವಾದಕ್ಕೆ ಬಲ. 2025ರ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಪ್ರಯೋಗಾಲಯದ ಕಡೆ ವಾಲಿತಾದರೂ, ತನ್ನ ಖಾತ್ರಿ ಕಡಿಮೆ ಎಂದು ತಾನೇ ಹೇಳಿತು. ಕೇಳಿದ ಮಾಹಿತಿಯನ್ನು ಚೀನಾ ಪೂರ್ತಿ ಕೊಟ್ಟಿಲ್ಲ. ಆದರೆ ಇಲ್ಲೆಲ್ಲ ಚರ್ಚೆ ನಡೆದಿರುವುದು ಕೈತಪ್ಪಿ ಆದ ಸೋರಿಕೆಯ ಬಗ್ಗೆ. ಬೇಕೆಂದೇ ಬಿಟ್ಟರು ಎನ್ನುವುದು ಕೊಲೆಯ ಆರೋಪ. ಅದಕ್ಕೆ ನಿಮ್ಮ ಪತ್ರದಲ್ಲಿ ಒಂದೇ ಒಂದು ಆಧಾರವಿಲ್ಲ.

ಇನ್ನು ಅಂಚೆ ಮತ. ನೀವು ಹೆಸರಿಸಿದ ಪೆನ್ಸಿಲ್ವೇನಿಯಾ ರಾಜ್ಯವನ್ನೇ ನೋಡಿ. ಕಾರಣ ಕೊಡದೆ ಯಾರು ಬೇಕಾದರೂ ಅಂಚೆಯಲ್ಲಿ ಮತ ಹಾಕಬಹುದೆಂಬ ಕಾನೂನಿಗೆ ಅಲ್ಲಿನ ಡೆಮಾಕ್ರಟಿಕ್ ಗವರ್ನರ್ ಸಹಿ ಹಾಕಿದ್ದು 2019ರ ಅಕ್ಟೋಬರ್ 31ರಂದು. ಅದನ್ನು ಪಾಸು ಮಾಡಿದ್ದು ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಬಹುಮತವಿದ್ದ ಶಾಸನಸಭೆ. ಆಗಿನ್ನೂ ಇಂಥದೊಂದು ರೋಗದ ಸುದ್ದಿಯೇ ಜಗತ್ತಿಗೆ ಮುಟ್ಟಿರಲಿಲ್ಲ. ಒರೆಗಾನ್ ಅಂತೂ 2000ದ ಅಧ್ಯಕ್ಷೀಯ ಚುನಾವಣೆಯನ್ನೇ ಅಂಚೆಯಲ್ಲಿ ನಡೆಸಿತ್ತು.

ಅಂಚೆ ಮತದ ಪ್ರಮಾಣ ಏರಿದ್ದು ವೈರಸ್ಸಿನಿಂದ, ನಿಜ. ಜನಗಣತಿ ಇಲಾಖೆಯ ಸಮೀಕ್ಷೆಯಂತೆ 2016ರಲ್ಲಿ ನೂರಕ್ಕೆ 21 ಇದ್ದದ್ದು 2020ರಲ್ಲಿ 43 ಆಯಿತು. ಯಾಕೆಂದು ತಿಳಿಯಲು ಆ ವರ್ಷದ ಏಪ್ರಿಲ್ 7ರಂದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ ನಡೆದ ಪ್ರಾಥಮಿಕ ಚುನಾವಣೆ ನೋಡಿದರೆ ಸಾಕು. ಚುನಾವಣಾ ಸಿಬ್ಬಂದಿ ಸಿಗದೆ ಸುಮಾರು 180 ಮತಗಟ್ಟೆಗಳ ಜಾಗದಲ್ಲಿ ಐದೇ ಐದು ತೆರೆದವು. ಮಾಸ್ಕ್ ತೊಟ್ಟ ಜನ ಅಂತರ ಬಿಟ್ಟು ಗಂಟೆಗಟ್ಟಲೆ ನಿಂತರು. ವೈರಸ್ ಬಾವಲಿಯಿಂದ ಬಂದಿರಲಿ, ಪ್ರಯೋಗಾಲಯದಿಂದ ಬಂದಿರಲಿ, ಆ ಸಾಲಿನಲ್ಲಿದ್ದವರಿಗೆ ಅಪಾಯ ಒಂದೇ.

‘ಎಣಿಕೆ ರಾತ್ರೋರಾತ್ರಿ ತಿರುಗಿದ್ದು ಹೇಗೆ’ ಎಂದಿರಿ. ಪೆನ್ಸಿಲ್ವೇನಿಯಾದಲ್ಲಿ ಮತಪತ್ರ ಒಳಲಕೋಟೆಯಲ್ಲಿ, ಅದು ಮತದಾರರ ಸಹಿಯಿರುವ ಹೊರಲಕೋಟೆಯಲ್ಲಿ. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಇಂಥ ಮತಗಳು ಬಂದಿದ್ದರೂ, ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಮೊದಲು ಒಂದನ್ನೂ ತೆರೆಯುವಂತಿರಲಿಲ್ಲ. ಅಂಚೆ ಮತ ನಂಬಬೇಡಿ ಎಂದು ಟ್ರಂಪ್ ತಿಂಗಳುಗಟ್ಟಲೆ ಹೇಳಿದ್ದರಿಂದ ಅವರ ಕಡೆಯವರು ಹೆಚ್ಚಾಗಿ ಮತಗಟ್ಟೆಗೇ ಹೋದರು. ಆ ಮತ ಮೊದಲು ಎಣಿಕೆಯಾಯಿತು, ಲಕೋಟೆಯವು ಆಮೇಲೆ. ಹಾಗಾಗಿ ಮೊದಲು ಮುಂದಿದ್ದ ಟ್ರಂಪ್ ಅವರನ್ನು ಬೈಡನ್ ಆಮೇಲೆ ಹಿಂದಿಕ್ಕಿದರು.

ಅಂಚೆ ಮತದಲ್ಲಿ ಮೋಸವೇ ಇಲ್ಲ ಎನ್ನಲಾರೆ. 2018ರಲ್ಲಿ ನಾರ್ತ್ ಕ್ಯಾರೊಲಿನಾದ ಒಂಬತ್ತನೇ ಕ್ಷೇತ್ರದಲ್ಲಿ ಮನೆಮನೆಯಿಂದ ಮತಪತ್ರ ಸಂಗ್ರಹಿಸಿ ಅಕ್ರಮ ನಡೆಸಿದ್ದರು. ಅದು ಬಯಲಾಯಿತು, ಮರುಚುನಾವಣೆಯೇ ನಡೆಯಿತು. 2020ರಲ್ಲಿ ಜಾರ್ಜಿಯಾ ಐವತ್ತು ಲಕ್ಷದಷ್ಟು ಮತಗಳನ್ನು ಕೈಯಲ್ಲೇ ಮತ್ತೆ ಎಣಿಸಿತು, ಗೆದ್ದವರು ಬದಲಾಗಲಿಲ್ಲ.

ನಿಮ್ಮ ಪತ್ರವನ್ನು ಈ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಹಾಕಿದ್ದೇವೆ, ಒಬ್ಬ ವಿಜ್ಞಾನಿಯನ್ನು ಹೆಸರಿಸಿ ಕೊಲೆಗಾರ್ತಿ ಎಂದ ಒಂದು ವಾಕ್ಯ ಬಿಟ್ಟು. ಆ ಮಾತಿಗೆ ಆಧಾರವಿದ್ದರೆ ಕಳುಹಿಸಿ, ಖಂಡಿತ ಓದುತ್ತೇನೆ.

– ಸಂಪಾದಕ