ಮಕ್ಕಳಿಗೆ ಕುದುರೆ ಪರಿಚಯಿಸುವ ಮೊದಲು

ಕುದುರೆ ಲಾಯದ ಇಂಟರ್ನ್‌ಶಿಪ್‌ನಲ್ಲಿ ಶಾಲೆ ಮಕ್ಕಳಿಗೆ ಹೇಳಿಕೊಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಲದ್ದಿ ಬಾಚಿ, ಮೈ ಉಜ್ಜಿ, ಗೊರಸು ಕ್ಲೀನ್ ಮಾಡಿ. ಗೊರಸಿನ ಕಸವನ್ನು ಕೊಕ್ಕೆ ಹಿಡಿದು ಹಿಮ್ಮಡಿಯಿಂದ ಮುಂದಕ್ಕೆ ತೆಗೆಯಬೇಕು. ನಡುವಿನ ತ್ರಿಕೋನದ ಭಾಗ ಮೆತ್ತಗಿರುತ್ತದೆ, ಅಲ್ಲಿ ಕೊಕ್ಕೆ ಒತ್ತಬೇಡಿ. ಇದನ್ನೇ ತೋರಿಸಿ, ಮಕ್ಕಳು ಕಣ್ಣರಳಿಸಿ ನೋಡುತ್ತಾರೆ! ಸ್ಟೆತೊಸ್ಕೋಪ್ ಸಿಕ್ಕರೆ ಎದೆಬಡಿತವನ್ನೂ ಕೇಳಿಸಿ. ಸುಮ್ನೆ ನಿಂತ, ಬೆಳೆದ ಕುದುರೆಗೆ ನಿಮಿಷಕ್ಕೆ ಸುಮಾರು 28ರಿಂದ 44 ಬಡಿತ, ನಮಗಿಂತ ಎಷ್ಟು ನಿಧಾನ ಅಲ್ವಾ?

ಕುದುರೆಗೆ ಮೂಗಿನ ನೇರಕ್ಕೆ ತೀರಾ ಹತ್ತಿರ ಇರುವುದು, ಬಾಲದ ಹಿಂದೆ ಇರುವುದು ಕಾಣುವುದಿಲ್ಲ. ಅದಕ್ಕೇ ಭುಜದ ಕಡೆಯಿಂದ, ಮಾತಾಡಿಸುತ್ತಾ ಹೋಗಬೇಕು. ಕುದುರೆ ಕಿವಿಯನ್ನು ಹಿಂದಕ್ಕೆ ಒತ್ತಿಕೊಂಡರೆ ಮಕ್ಕಳನ್ನು ತಕ್ಷಣ ದೂರ ಕರೆಯಿರಿ. ಸಲಕ್ಕೆ ನಾಲ್ಕೈದು ಮಕ್ಕಳಿಗಿಂತ ಜಾಸ್ತಿ ಬೇಡ ಅಂತ ಟೀಚರ್‌ಗೆ ಮುಂಚೆಯೇ ಹೇಳಿಬಿಡಿ.