ಹೆದ್ದಾರಿಯಲ್ಲಿ ಜಾಥಾ: ಪ್ರಯಾಣಿಕರಿಗೆ ಸುದ್ದಿ ಮುಟ್ಟಿಸುವ ಕೆಲಸ

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯವನ್ನು ಸುತ್ತುತ್ತವೆ. ಸಾವಿರಾರು ಜನ ಹೆದ್ದಾರಿ ಹಿಡಿದು ನಡೆದು ಹೊರಟಾಗ, ಅದೇ ರಸ್ತೆಯನ್ನು ನೆಚ್ಚಿಕೊಂಡ ಉಳಿದವರಿಗೆ ಯಾರು, ಯಾವಾಗ, ಏನು ತಿಳಿಸಬೇಕು? ಜಾಥಾದ ಬೇಡಿಕೆ ಸರಿಯೇ ತಪ್ಪೇ ಎಂಬ ಚರ್ಚೆ ಇಲ್ಲಿಲ್ಲ. ಮಾಹಿತಿ ಕೊಡುವ ಮೇಜಿನ ಮುಂದೆ ಕೂತವರೂ ಆ ಚರ್ಚೆಯನ್ನು ಪಕ್ಕಕ್ಕಿಡಬೇಕು. ರಸ್ತೆಯ ಸುದ್ದಿಯಲ್ಲಿ ಪಕ್ಷಪಾತದ ವಾಸನೆ ಬಂದರೆ ಎರಡೂ ಕಡೆಯವರು ಅದನ್ನು ನಂಬುವುದನ್ನು ಬಿಡುತ್ತಾರೆ.

ಪ್ರಶ್ನೆ: ಜಾಥಾದ ಮುಂಭಾಗ ಎಲ್ಲಿದೆ ಎಂದು ನಮ್ಮ ತಂಡ ಗಂಟೆಗೊಮ್ಮೆ ತಿಳಿಸುತ್ತಿತ್ತು. ಮುಂಭಾಗ ಜಂಕ್ಷನ್ ದಾಟಿತು ಎಂದು ಹೇಳಿ ಬಹಳ ಹೊತ್ತಾದರೂ ವಾಹನಗಳು ಅಲ್ಲೇ ನಿಂತಿದ್ದವು. ಎಲ್ಲಿ ತಪ್ಪಿತು?

ನೀವು ತಲೆಯನ್ನು ನೋಡಿ ಹೇಳಿದಿರಿ. ರಸ್ತೆ ತೆರೆಯುವುದು ಬಾಲ ದಾಟಿದ ಮೇಲೆ. ಫೋಟೊ, ಭಾಷಣ, ವರದಿಗಾರರು ಎಲ್ಲ ಮುಂಭಾಗದಲ್ಲೇ ಇರುತ್ತಾರಾದ್ದರಿಂದ ಸುದ್ದಿಯೂ ಅಲ್ಲಿಂದಲೇ ಬರುತ್ತದೆ. ಪ್ರಯಾಣಿಕನಿಗೆ ಬೇಕಾದದ್ದು ಹಿಂಭಾಗದ ಸುದ್ದಿ.

ಲೆಕ್ಕ ಹಾಕಿ ನೋಡಿ. ಎರಡು ಲೇನ್‌ಗಳ ರಸ್ತೆ ಸುಮಾರು 7 ಮೀಟರ್ ಅಗಲ. ನಡೆಯುವ ಗುಂಪಿನಲ್ಲಿ ಒಬ್ಬರಿಗೆ ಒಂದು ಚದರ ಮೀಟರ್ ಜಾಗ ಎಂದು ಹಿಡಿದರೆ 20,000 ಜನರ ಸಾಲು 2.9 ಕಿ.ಮೀ. ಉದ್ದವಾಗುತ್ತದೆ. ಒಂಟಿ ಮನುಷ್ಯ ಗಂಟೆಗೆ 5 ಕಿ.ಮೀ. ನಡೆದಾನು, ದೊಡ್ಡ ಗುಂಪು 3 ಕಿ.ಮೀ. ನಡೆದರೆ ಹೆಚ್ಚು. ಅಂದರೆ ಒಂದು ಜಾಗವನ್ನು ಇಡೀ ಸಾಲು ದಾಟಲು ಸುಮಾರು ಒಂದು ಗಂಟೆ. ಅದೇ ಜನ ಒಂದೇ ಲೇನ್‌ನಲ್ಲಿ, ಅಂದರೆ 3.5 ಮೀಟರ್ ಅಗಲದಲ್ಲಿ ನಡೆದರೆ ಸಾಲು 5.7 ಕಿ.ಮೀ., ಹೊತ್ತು ಎರಡು ಗಂಟೆ. ಹಿಂದೆ ಟ್ರ್ಯಾಕ್ಟರ್‌ಗಳಿದ್ದರೆ ಒಂದೊಂದಕ್ಕೆ ಅಂತರವೂ ಸೇರಿ 15 ಮೀಟರ್ ಹಿಡಿಯಿರಿ. 200 ಟ್ರ್ಯಾಕ್ಟರ್ ಒಂದೇ ಸಾಲಿನಲ್ಲಿ ಬಂದರೆ ಇನ್ನೂ 3 ಕಿ.ಮೀ. ಸೇರಿತು. ಊಟ, ವಿಶ್ರಾಂತಿಯ ನಂತರ ಸಾಲು ಇನ್ನಷ್ಟು ಉದ್ದಕ್ಕೆ ಎಳೆದುಕೊಳ್ಳುತ್ತದೆ. ವಯಸ್ಸಾದವರು, ಕಾಲು ಬೊಬ್ಬೆ ಎದ್ದವರು ಹಿಂದೆ ಬೀಳುತ್ತಾರೆ. ಬೆಳಗಿನ ಉದ್ದವೇ ಸಂಜೆಗೂ ಇರುತ್ತದೆ ಎಂದುಕೊಳ್ಳಬೇಡಿ.

ಹಾಗಾಗಿ ಮಾಹಿತಿ ತಂಡದ ಒಬ್ಬರು ಕೊನೆಯ ಸಾಲಿನ ಜೊತೆಗೇ ನಡೆಯಬೇಕು. ಕೆಲಸ ಒಂದೇ: 15 ನಿಮಿಷಕ್ಕೊಮ್ಮೆ ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ಗಡಿಯಾರದ ಹೊತ್ತು ಹೇಳುವುದು. "ಪೆಟ್ರೋಲ್ ಬಂಕ್ ಹತ್ತಿರ", "ಸೇತುವೆ ದಾಟಿ ಸ್ವಲ್ಪ ಮುಂದೆ" ಎನ್ನುವುದು ಬೇಡ, ಅಂಥ ಬಂಕ್ ದಾರಿಯುದ್ದಕ್ಕೂ ಹತ್ತಾರು ಇರುತ್ತವೆ. ಮೂರು ವರದಿ ಕೈಗೆ ಬಂದರೆ ಬಾಲದ ನಿಜವಾದ ವೇಗ ಸಿಗುತ್ತದೆ. ಅದರಿಂದ ಮುಂದಿನ ಜಂಕ್ಷನ್ ಯಾವಾಗ ತೆರವಾದೀತು ಎಂದು ಹೇಳಬಹುದು. ಹೇಳುವಾಗ "4ಕ್ಕೆ" ಎನ್ನುವ ಬದಲು "4ರಿಂದ 4.45ರ ಒಳಗೆ" ಎನ್ನಿ.

ಇನ್ನೊಂದು ಎಡವಟ್ಟು ಇಲ್ಲೇ ಆಗುತ್ತದೆ. ರಸ್ತೆ ತೆರೆದ ಕ್ಷಣಕ್ಕೇ ಸಂಚಾರ ಸರಿಹೋಗುವುದಿಲ್ಲ. ಗಂಟೆಗೆ 900 ಕಾರು ಬರುವ ಲೇನ್ ಒಂದು ಗಂಟೆ ಮುಚ್ಚಿದರೆ 900 ಕಾರು ನಿಲ್ಲುತ್ತವೆ. ಸಾಲು ಆರು ಕಿಲೋಮೀಟರ್ ಮೀರುತ್ತದೆ. ತೆರೆದ ಮೇಲೆ ಒಂದು ಲೇನ್‌ನಿಂದ ಗಂಟೆಗೆ ಹೆಚ್ಚೆಂದರೆ 1,800ರಷ್ಟು ಕಾರು ಹೊರಡಬಲ್ಲವು. ಅಷ್ಟರಲ್ಲಿ ಹಿಂದಿನಿಂದ ಹೊಸದಾಗಿ 900 ಬಂದು ಸೇರುತ್ತವೆ. ಹೀಗೆ ಸಾಲು ಕರಗಲು ಮತ್ತೊಂದು ಗಂಟೆ ಬೇಕು. ಬರುವುದು ಗಂಟೆಗೆ 1,200 ಆದರೆ ಎರಡು ಗಂಟೆ. ಲಾರಿಗಳು ಹೆಚ್ಚಿದ್ದರೆ ಇನ್ನೂ ತಡ. ಆದ್ದರಿಂದ "ರಸ್ತೆ ತೆರೆದಿದೆ" ಮತ್ತು "ಸಂಚಾರ ಸಹಜವಾಗಿದೆ" ಎಂಬ ಎರಡು ಸಂದೇಶಗಳು ಬೇರೆ ಬೇರೆಯಾಗಿಯೇ ಹೋಗಬೇಕು. ಮೊದಲನೆಯದನ್ನು ಕಂಡು ಮನೆಯಿಂದ ಹೊರಟವರೇ ಸಾಲಿನ ಬಾಲಕ್ಕೆ ಬಂದು ಸೇರುತ್ತಾರೆ.

ಪ್ರಶ್ನೆ: ಸಂದೇಶದಲ್ಲಿ ಏನೇನು ಇರಲೇಬೇಕು? ನಾವು ಬರೆದದ್ದು ಉದ್ದವಾಯಿತು, ಯಾರೂ ಓದಲಿಲ್ಲ ಎಂಬ ದೂರು ಬಂತು.

ಐದು ಸಂಗತಿ: ಎಲ್ಲಿಂದ ಎಲ್ಲಿಯವರೆಗೆ, ಯಾವ ದಿಕ್ಕು, ಎಷ್ಟು ಹೊತ್ತಿನವರೆಗೆ, ಎಲ್ಲಿ ತಿರುಗಬೇಕು, ಮುಂದಿನ ಸುದ್ದಿ ಯಾವಾಗ. ಕೊನೆಯದನ್ನು ಹೆಚ್ಚಿನವರು ಬಿಡುತ್ತಾರೆ. ನಮ್ಮ ಪ್ರಕಾರ ಅದೇ ಬಹಳ ಮುಖ್ಯ. ಮುಂದಿನ ಸುದ್ದಿ 3ಕ್ಕೆ ಎಂದು ಗೊತ್ತಿದ್ದವರು ಅಲ್ಲಿಯವರೆಗೆ ಕರೆ ಮಾಡಿ ಕಂಟ್ರೋಲ್ ರೂಮಿನ ಫೋನನ್ನು ಕಟ್ಟಿಹಾಕುವುದಿಲ್ಲ, ಗಾಳಿಸುದ್ದಿಯನ್ನೂ ಅಷ್ಟು ಬೇಗ ನಂಬುವುದಿಲ್ಲ. 3ಕ್ಕೆ ಹೊಸದೇನೂ ಇಲ್ಲದಿದ್ದರೆ "ಬದಲಾವಣೆ ಇಲ್ಲ" ಎಂದಾದರೂ ಹೇಳಲೇಬೇಕು.

ಕನ್ನಡದ ಎಸ್ಸೆಮ್ಮೆಸ್‌ಗೆ ಒಂದು ಕಟ್ಟುಪಾಡಿದೆ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಸಿಕ್ಕರೆ ಕನ್ನಡದಂಥ ಯೂನಿಕೋಡ್ ಲಿಪಿಗಳಿಗೆ ಸಿಗುವುದು 70. ಸ್ವರಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. "ಕ್ಕೆ" ಎಂಬ ಒಂದು ಒತ್ತಕ್ಷರಕ್ಕೇ ನಾಲ್ಕು ಸ್ಥಾನ ಹೋಗುತ್ತದೆ. 70 ದಾಟಿದರೆ ಸಂದೇಶ 67ರ ತುಂಡುಗಳಾಗುತ್ತದೆ. ನೆಟ್‌ವರ್ಕ್ ಇಕ್ಕಟ್ಟಿನಲ್ಲಿದ್ದಾಗ ಒಂದು ತುಂಡು ಬಂದು ಇನ್ನೊಂದು ಬಾರದೆ ಹೋಗಬಹುದು. ಈ ಮಾದರಿ ಸರಿಯಾಗಿ 70ರಲ್ಲಿ ಮುಗಿಯುತ್ತದೆ:

ಕಿಮೀ 42-48 ಎರಡೂ ಕಡೆ ಬಂದ್ ಸಂಜೆ 5ರವರೆಗೆ. ತಿರುವು: 38. ಮುಂದಿನ ಸುದ್ದಿ 3ಕ್ಕೆ

ಇದು 42ರ ಕಡೆಯಿಂದ ಬರುವವರಿಗೆ ಮಾತ್ರ. ಎದುರಿನಿಂದ ಬರುವವರು 38ನ್ನು ತಲುಪುವುದೇ ಇಲ್ಲ. ಅವರಿಗೆ 48ರ ಆಚೆಯ ತಿರುವನ್ನು ಹೇಳುವ ಬೇರೆ ಸಂದೇಶ ಬೇಕು. ಎರಡು ದಿಕ್ಕಿಗೂ ಒಂದೇ ಸಂದೇಶ ಕಳಿಸುವುದು ತುಂಬ ಸಾಮಾನ್ಯವಾದ ತಪ್ಪು.

ರಸ್ತೆ ಮೇಲಿನ ವಿದ್ಯುನ್ಮಾನ ಫಲಕದ ಮಿತಿ ಇನ್ನೂ ಬಿಗಿ. 80 ಕಿ.ಮೀ. ವೇಗದ ಚಾಲಕ ಸೆಕೆಂಡಿಗೆ 22 ಮೀಟರ್ ಸಾಗುತ್ತಾನೆ. ಬರಹ 150 ಮೀಟರ್ ದೂರದಿಂದ ಕಾಣುವುದಾದರೆ ಓದಲು ಸಿಗುವುದು ಏಳು ಸೆಕೆಂಡೂ ಇಲ್ಲ. ಮೂರು ಸಾಲು ಸಾಕು: ಎಲ್ಲಿ ಬಂದ್, ಎಲ್ಲಿ ತಿರುಗಿ, ಎಷ್ಟರವರೆಗೆ. "ದಯವಿಟ್ಟು ಸಹಕರಿಸಿ" ಎಂಬ ಸಾಲಿಗೆ ಅಲ್ಲಿ ಜಾಗವಿಲ್ಲ. ತಿರುವಿಗೆ 2 ಕಿ.ಮೀ. ಮೊದಲೊಮ್ಮೆ, 500 ಮೀಟರ್ ಮೊದಲೊಮ್ಮೆ ಕಾಣಿಸಿ. ತಿರುವು ಕಳೆದ ಮೇಲೆ ಇಟ್ಟ ಫಲಕದಿಂದ ಯಾರಿಗೂ ಉಪಯೋಗವಿಲ್ಲ.

ಪ್ರಶ್ನೆ: ಬದಲಿ ಮಾರ್ಗವನ್ನು ನಕ್ಷೆ ನೋಡಿ ಆರಿಸಿದರೆ ಸಾಲದೇ?

ಸಾಲದು. ಹಿಂದಿನ ದಿನ ವಾಹನದಲ್ಲಿ ಆ ದಾರಿಯಲ್ಲಿ ಹೋಗಿ ನೋಡಿ. ರೈಲ್ವೆ ಕೆಳಸೇತುವೆಯ ಎತ್ತರ, ಸಣ್ಣ ಸೇತುವೆಯ ತೂಕದ ಮಿತಿ, ಲೆವೆಲ್ ಕ್ರಾಸಿಂಗ್ ಗೇಟು ಮುಚ್ಚುವ ಹೊತ್ತು, ಉದ್ದದ ಲಾರಿ ತಿರುಗಲಾರದ ಮೂಲೆ, ಶಾಲೆ ಬಿಡುವ ಸಮಯ ಇವಿಷ್ಟನ್ನು ಬರೆದುಕೊಳ್ಳಿ. ಕಾರಿಗೊಂದು, ಲಾರಿಗೊಂದು ದಾರಿ ಬೇಕಾಗುವುದೇ ಹೆಚ್ಚು. ಲಾರಿಗೆ ಸರಿಯಾದ ದಾರಿ ಇಲ್ಲವೆಂದಾದರೆ, ಅವನ್ನು ಹಿಂದೆಯೇ ವಿಶಾಲವಾದ ಜಾಗದಲ್ಲಿ ನಿಲ್ಲಿಸಿ, ನೀರು, ಶೌಚಾಲಯದ ವ್ಯವಸ್ಥೆ ಎಲ್ಲಿದೆ ಎಂದು ತಿಳಿಸುವುದೇ ಮೇಲು. ಕಿರಿದಾದ ಊರರಸ್ತೆಯಲ್ಲಿ ಒಂದು ಲಾರಿ ಸಿಕ್ಕಿಕೊಂಡರೆ ಬದಲಿ ಮಾರ್ಗವೂ ಹೋಯಿತು, ಆ ಊರಿನವರ ಆಂಬುಲೆನ್ಸ್ ದಾರಿಯೂ ಹೋಯಿತು.

ಪ್ರಶ್ನೆ: ಮೊಬೈಲ್ ನಕ್ಷೆಯಲ್ಲಿ ಮುಚ್ಚಿದ ಹೆದ್ದಾರಿ ಆರಾಮಾಗಿದೆ ಎಂದೇ ತೋರಿಸುತ್ತದೆ. ಏಕೆ?

ಆ್ಯಪ್‌ಗೆ ತಿಳಿಯುವುದು ರಸ್ತೆಯಲ್ಲಿ ಚಲಿಸುವ ಫೋನ್‌ಗಳಿಂದ. ವಾಹನಗಳೇ ಇಲ್ಲದ ಕಡೆ ತಾಜಾ ಮಾಹಿತಿ ನಿಲ್ಲುತ್ತದೆ. ಆಗ ಹಳೆಯ ದಿನಗಳ ವೇಗವನ್ನು ನೆಚ್ಚಿಕೊಂಡ ಲೆಕ್ಕ ಉಳಿಯಬಹುದು. ಉಲ್ಟಾ, ಜಾಥಾದ ಜೊತೆ ತೆವಳುವ ಟ್ರ್ಯಾಕ್ಟರ್, ಟೆಂಪೋಗಳು ಇದ್ದರೆ "ನಿಧಾನ ಸಂಚಾರ" ಎಂದು ಕಾಣುತ್ತದೆ, ಬಂದ್ ಎಂದು ಅಲ್ಲ. ಆದ್ದರಿಂದ ಮುಚ್ಚಿರುವುದನ್ನು ಮನುಷ್ಯರೇ ದಾಖಲಿಸಬೇಕು. ಸಂಚಾರ ಇಲಾಖೆಗಳು ಇದನ್ನು ನೇರವಾಗಿ ಕೊಡಲು ದಾರಿ ತೋರಿಸುವ ಆ್ಯಪ್ ಆದ ವೇಜ಼್ 2014ರಲ್ಲೇ ಒಂದು ಪಾಲುದಾರಿಕೆ ಯೋಜನೆ ಆರಂಭಿಸಿತು. ಗೂಗಲ್ ಮ್ಯಾಪ್ಸ್‌ನಲ್ಲಿ ಸಾಮಾನ್ಯ ಬಳಕೆದಾರರೂ ರಸ್ತೆ ಮುಚ್ಚಿರುವುದನ್ನು ವರದಿ ಮಾಡಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ) ಮಾತ್ರ ಒಂದೆರಡು ದಿನದ ಬಂದ್‌ಗಾಗಿ ರಸ್ತೆಯನ್ನು ತಿದ್ದಲು ಹೋಗಬೇಡಿ. ಅದರ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡವರ ಬಳಿ ನಿಮ್ಮ ತಿದ್ದುಪಡಿ ವಾರಗಟ್ಟಲೆ ಹಾಗೇ ಉಳಿದು, ತೆರೆದ ರಸ್ತೆಯೂ ಮುಚ್ಚಿದಂತೆ ಕಾಣುತ್ತದೆ.

ಪ್ರಶ್ನೆ: ನಾನು ಬಸ್ ಸಂಚಾರ ನಿಯಂತ್ರಣದಲ್ಲಿದ್ದೇನೆ. ಅಂಥ ದಿನ ಬಸ್ ಓಡಿಸುವುದೋ, ನಿಲ್ಲಿಸುವುದೋ?

ಮಾರ್ಗವನ್ನು ಎರಡಾಗಿ ತುಂಡರಿಸಿ. ಬಂದ್ ಆದ ಭಾಗದ ಈಚೆಗೊಂದು, ಆಚೆಗೊಂದು ತಾತ್ಕಾಲಿಕ ಕೊನೆ ನಿಲ್ದಾಣ ಮಾಡಿ, ಬಸ್ಸುಗಳನ್ನು ಅಲ್ಲಿಂದಲೇ ಹಿಂತಿರುಗಿಸಿ. ಹೆದ್ದಾರಿಯಲ್ಲಿ ಸಿಕ್ಕಿ ನಿಂತ ಬಸ್ಸಿನಿಂದ ಯಾರಿಗೂ ಉಪಯೋಗವಿಲ್ಲ. ಚಾಲಕ, ನಿರ್ವಾಹಕರ ಪಾಳಿ ಅಲ್ಲೇ ಮುಗಿದು, ಸಂಜೆಯ ಬಸ್ಸಿಗೆ ಸಿಬ್ಬಂದಿಯೂ ಇಲ್ಲದಂತಾಗುತ್ತದೆ. ಹಿಂತಿರುಗುವ ಜಾಗದಲ್ಲಿ ಬಸ್ಸು ತಿರುಗಲು ಸ್ಥಳವಿದೆಯೇ, ನೆರಳಿದೆಯೇ ನೋಡಿ. ನಡುವಿನ ದೂರ ಒಂದೆರಡು ಕಿಲೋಮೀಟರ್ ಇದ್ದರೆ ನಡೆದು ಆಚೆಯ ಬಸ್ಸು ಹಿಡಿಯಬಹುದು ಎಂದು ಟಿಕೆಟ್ ಕೊಡುವ ಮೊದಲೇ ಹೇಳಿ. ಅದೇ ಟಿಕೆಟ್ ಆಚೆಯೂ ನಡೆಯುತ್ತದೋ ಇಲ್ಲವೋ ಎಂಬುದನ್ನು ಅಂದೇ ಬೆಳಿಗ್ಗೆ ನಿರ್ಧರಿಸಿ ಎಲ್ಲ ನಿರ್ವಾಹಕರಿಗೂ ತಿಳಿಸಿ. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಹೇಳಿ ಜಗಳವಾಗುತ್ತದೆ.

ನಿಮ್ಮ ಸಂಸ್ಥೆ, ಬಸ್ಸಿನ ಆ ಹೊತ್ತಿನ ಸುದ್ದಿಯನ್ನು ಆ್ಯಪ್‌ಗಳಿಗೆ ತಲುಪಿಸುವ ನಮೂನೆಯಾದ ಜಿಟಿಎಫ್‌ಎಸ್ ರಿಯಲ್‌ಟೈಮ್ ಮಾಹಿತಿ ಕೊಡುತ್ತಿದ್ದರೆ ಅದರ ಸೇವಾ ಎಚ್ಚರಿಕೆಯಲ್ಲಿ ಕಾರಣದ ಪಟ್ಟಿಯಲ್ಲೇ ಪ್ರತಿಭಟನೆ ಎಂಬರ್ಥದ "ಡೆಮಾನ್‌ಸ್ಟ್ರೇಷನ್" ಇದೆ. ಪರಿಣಾಮದ ಪಟ್ಟಿಯಲ್ಲಿ ಮಾರ್ಗ ಬದಲು, ಸೇವೆ ಇಲ್ಲ, ನಿಲ್ದಾಣ ಸ್ಥಳಾಂತರ ಮುಂತಾದವು ಇವೆ. ಅವಧಿಯ ಜಾಗವನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಯಾರಾದರೂ ತೆಗೆಯುವವರೆಗೂ ಎಚ್ಚರಿಕೆ ಹಾಗೇ ಕಾಣುತ್ತಿರುತ್ತದೆ.

ಪ್ರಶ್ನೆ: ಆಂಬುಲೆನ್ಸ್‌ಗೆ ದಾರಿ ಬಿಡುತ್ತೇವೆ ಎಂದು ಎಲ್ಲ ಜಾಥಾಗಳೂ ಹೇಳುತ್ತವೆ. ಆದರೂ ಸಿಕ್ಕಿಕೊಳ್ಳುತ್ತೇವೆ. (ಒಬ್ಬ ಆಂಬುಲೆನ್ಸ್ ಚಾಲಕರು)

ನಡೆಯುವವರು ಸರಿಯುತ್ತಾರೆ, ಅವರ ಹಿಂದೆ ನಿಂತ ವಾಹನಗಳು ಸರಿಯಲಾರವು. ನಿಮ್ಮನ್ನು ಹಿಡಿಯುವುದು ಆ ಸಾಲೇ. ಹಾಗಾಗಿ ಬಾಲದ ಹಿಂದಿನ ವಾಹನಗಳನ್ನು ಮೊದಲಿಂದಲೇ ಒಂದು ಲೇನ್ ಖಾಲಿ ಬಿಟ್ಟು ನಿಲ್ಲಿಸಬೇಕು. ಸಾಲು ಕಟ್ಟಿದ ಮೇಲೆ ಅದು ಆಗದ ಮಾತು. ಜಾಥಾವನ್ನೂ ಒಂದೇ ಉದ್ದ ಸಾಲಾಗಿ ಬಿಡದೆ, ಅರ್ಧ ಕಿಲೋಮೀಟರಿಗೊಮ್ಮೆ 20–30 ಮೀಟರ್ ತೆರಪು ಇರುವ ತುಕಡಿಗಳಾಗಿ ನಡೆಸಿದರೆ ಅಡ್ಡರಸ್ತೆಯ ವಾಹನ ಆ ತೆರಪಿನಲ್ಲಿ ದಾಟಬಹುದು. ತೆರಪನ್ನು ಕಾಯಲು ಪ್ರತಿ ತುಕಡಿಯ ಕೊನೆಗೆ ಇಬ್ಬರು ಸ್ವಯಂಸೇವಕರು ಬೇಕು, ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಅದು ಮುಚ್ಚಿಹೋಗುತ್ತದೆ. ರಸ್ತೆ ವಿಭಜಕದಲ್ಲಿ ವಾಹನ ಆಚೆ ದಾಟಬಹುದಾದ ತೆರಪುಗಳ ಕಿಲೋಮೀಟರ್ ಸಂಖ್ಯೆಗಳ ಪಟ್ಟಿ ನಿಮ್ಮ ಗಾಡಿಯಲ್ಲೂ ಕಂಟ್ರೋಲ್ ರೂಮಿನಲ್ಲೂ ಒಂದೇ ಆಗಿರಲಿ. ಹೊರಡುವಾಗಲೇ ಕರೆ ಮಾಡಿ. ಸೈರನ್ ಕೇಳಿದ ಮೇಲೆ ದಾರಿ ಹುಡುಕುವುದು ತಡವಾಯಿತು.

ಡಯಾಲಿಸಿಸ್‌ಗೆ ಹೋಗುವವರು ಸೈರನ್ ಇಲ್ಲದ ಕಾರಿನಲ್ಲಿ ಬರುತ್ತಾರೆ, ಅವರನ್ನು ಯಾರೂ ಗುರುತಿಸುವುದಿಲ್ಲ. ಆಸ್ಪತ್ರೆಗಳು ಅಂದು ಯಾರಿಗೆ ಸರದಿ ಇದೆಯೋ ಅವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೊತ್ತು ಬದಲಿಸಿಕೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಪ್ರಶ್ನೆ: ಸಂಘಟಕರಾಗಿ ನಮ್ಮ ದಾರಿ, ವೇಳೆಯನ್ನು ಮುಂಚೆಯೇ ಬಹಿರಂಗಪಡಿಸಿದರೆ ಹೋರಾಟದ ಬಿಸಿ ಕಡಿಮೆಯಾಗದೇ?

ಇತಿಹಾಸ ಹಾಗೆ ಹೇಳುವುದಿಲ್ಲ. 1965ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್‌ಗೊಮರಿಗೆ ಹೊರಟ 87 ಕಿ.ಮೀ. ನಡಿಗೆಯ ಯೋಜನೆ ನ್ಯಾಯಾಲಯದ ಮುಂದೆಯೇ ಇತ್ತು. ಹೆದ್ದಾರಿ ಎರಡು ಲೇನ್‌ಗೆ ಕಿರಿದಾಗುವ ಕಡೆ 300 ಜನ ಮಾತ್ರ ನಡೆಯಬೇಕು ಎಂದು ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಆದೇಶಿಸಿದ್ದರು. ಅದನ್ನು ಪಾಲಿಸಿಯೂ ಕೊನೆಯ ದಿನ ಸುಮಾರು 25,000 ಜನ ಸೇರಿದರು. 2018ರ ಮಾರ್ಚ್‌ನಲ್ಲಿ ನಾಸಿಕ್‌ನಿಂದ ಮುಂಬೈಗೆ ನಡೆದುಬಂದ ರೈತರು ಪರೀಕ್ಷೆಗೆ ಹೋಗುವ ಮಕ್ಕಳಿಗೆ ಅಡ್ಡಿಯಾಗಬಾರದೆಂದು ಕೊನೆಯ ಹಂತವನ್ನು ರಾತ್ರಿಯಲ್ಲೇ ನಡೆದು ಆಜಾದ್ ಮೈದಾನ ಸೇರಿದರು. ನಗರದ ಜನ ಅದನ್ನು ಮರೆತಿಲ್ಲ.

ಬಹಿರಂಗಪಡಿಸಬೇಕಾದದ್ದು ರಸ್ತೆಯ ಸುದ್ದಿ. ಯಾವ ಮುಖಂಡರು ಯಾವ ವಾಹನದಲ್ಲಿದ್ದಾರೆ, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂಬುದು ಪ್ರಯಾಣಿಕರಿಗೆ ಬೇಕಿಲ್ಲ. ನಡೆಯುವವರ ಮುಖ ಕಾಣುವ ಫೋಟೊವನ್ನೂ ಸಂಚಾರದ ಸುದ್ದಿಗೆ ಸೇರಿಸಬೇಡಿ, ಖಾಲಿ ಇಲ್ಲವೇ ತುಂಬಿದ ರಸ್ತೆ ಕಂಡರೆ ಸಾಕು.

ಪ್ರಶ್ನೆ: ಹಳೆಯ ಸ್ಕ್ರೀನ್‌ಶಾಟ್‌ಗಳು ಸುತ್ತುತ್ತಲೇ ಇರುತ್ತವೆ. ತಡೆಯುವುದು ಹೇಗೆ? ನೆಟ್‌ವರ್ಕ್ ಬಿದ್ದರೆ?

ಪ್ರತಿ ಸಂದೇಶದ ಚಿತ್ರದೊಳಗೇ ದಿನಾಂಕ, ಹೊತ್ತು, ಕ್ರಮಸಂಖ್ಯೆ ಅಚ್ಚಾಗಿರಲಿ. ಹನ್ನೆರಡನೆಯದು ಬಂದಿದ್ದರೆ ಕೈಯಲ್ಲಿರುವ ಏಳನೆಯದು ಹಳೆಯದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ತಪ್ಪಾದದ್ದನ್ನು ಸುಮ್ಮನೆ ಅಳಿಸಬೇಡಿ. "ಸಂದೇಶ 7 ರದ್ದು, ಬದಲಿಗೆ 8" ಎಂದು ಕಳಿಸಿ. ಅಳಿಸಿದ್ದು ನಿಮ್ಮ ಪುಟದಿಂದ ಮಾತ್ರ ಹೋಗುತ್ತದೆ, ಜನರ ಫೋನಿನಿಂದ ಹೋಗುವುದಿಲ್ಲ. ಹೊರಬೀಳುವ ಮೊದಲು ಪ್ರತಿ ಸುದ್ದಿಗೆ ಎರಡು ಆಧಾರ ಇರಲಿ: ಸ್ಥಳದಲ್ಲೇ ನಿಂತ ಒಬ್ಬರು, ಜೊತೆಗೆ ಕ್ಯಾಮೆರಾ ಅಥವಾ ಆಚೆ ತುದಿಯ ಇನ್ನೊಬ್ಬರು.

ಸಾವಿರಾರು ಫೋನ್ ಒಂದೇ ಟವರಿಗೆ ಜೋತುಬಿದ್ದಾಗ ಡೇಟಾ ಮೊದಲು ಸೋಲುತ್ತದೆ. ಬಾಲದವರ ಕೈಯಲ್ಲಿ ವಾಕಿಟಾಕಿ, ಹೆಚ್ಚುವರಿ ಬ್ಯಾಟರಿ ಇರಲಿ. ಪ್ರಯಾಣಿಕರಿಗೆ ರೇಡಿಯೋ, ಟೋಲ್ ಗೇಟಿನ ಸಿಬ್ಬಂದಿ, ಪೆಟ್ರೋಲ್ ಬಂಕಿನ ಕಪ್ಪುಹಲಗೆ. ಬಂಕಿನವರಿಗೆ ಗಂಟೆಗೊಮ್ಮೆ ಫೋನ್ ಮಾಡಿ ಹಲಗೆ ತಿದ್ದಿಸುವ ಕೆಲಸವನ್ನು ಒಬ್ಬರಿಗೇ ವಹಿಸಿ.

ಪ್ರಶ್ನೆ: ಮಾಹಿತಿ ಕೇಂದ್ರವನ್ನು ಯಾವಾಗ ಮುಚ್ಚಬಹುದು?

ಎರಡೂ ತುದಿಯ ವಾಹನ ಸಾಲು ಕರಗಿ, ಬಸ್ಸುಗಳು ಪೂರ್ತಿ ಮಾರ್ಗ ಓಡಲಾರಂಭಿಸಿದ ಮೇಲೆ. ಮುಚ್ಚುವ ಮೊದಲು ಆ್ಯಪ್‌ಗಳಲ್ಲಿ ದಾಖಲಿಸಿದ ಬಂದ್ ತೆಗೆಸಿ, ವಿದ್ಯುನ್ಮಾನ ಫಲಕಗಳನ್ನು ಅಳಿಸಿ, "ಸಂಚಾರ ಸಹಜ, ಇದು ಕೊನೆಯ ಸಂದೇಶ" ಎಂದು ಕ್ರಮಸಂಖ್ಯೆ ಸಮೇತ ಕಳಿಸಿ. ಆಮೇಲೆ ಬದಲಿ ಮಾರ್ಗದ ಬಾಣದ ಗುರುತುಗಳನ್ನು ಇಟ್ಟ ಪಟ್ಟಿ ಹಿಡಿದು ಒಂದೊಂದಾಗಿ ಎಣಿಸಿ ವಾಪಸು ತನ್ನಿ. ಮರೆತ ಒಂದು ಬಾಣ ಮಾರನೆಯ ಬೆಳಿಗ್ಗೆಯೂ ಲಾರಿಗಳನ್ನು ಊರೊಳಗಿನ ರಸ್ತೆಗೇ ಕಳಿಸುತ್ತದೆ.